ಸರ್‌ಸರ್: ಗಾಳಿಯ ಕೂಗು, ಮನಸ್ಸಿನ ಗಂಟು



ಏಪ್ರಿಲ್ ಬಂತೆಂದರೆ ಅರಕೇರಿ, ತಿಕೋಟಾ, ಬಬಲೇಶ್ವರ ಸೀಮೆಯ ರೈತರ ಕಣ್ಣು ಸಂಜೆಯ ಆಕಾಶದ ಮೇಲಿರುತ್ತದೆ. ಹಗಲೆಲ್ಲ ಬಿರುಬಿಸಿಲು. ಸಂಜೆಯ ಹೊತ್ತಿಗೆ ಪಡುವಣದಲ್ಲಿ ಕಪ್ಪು ಮೋಡ, ಕೆಂಪು ಧೂಳು, ನೋಡುನೋಡುತ್ತಲೇ ಬಿರುಗಾಳಿ. ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಹರವಿ ಎರಡು ಮೂರು ವಾರ ಒಣಗಿಸುವ ದಿನಗಳಲ್ಲಿ ಇಂಥ ಒಂದು ಗಾಳಿಮಳೆ ಸಾಕು, ವರ್ಷದ ದುಡಿಮೆ ಕಪ್ಪಿಟ್ಟುಹೋಗುತ್ತದೆ. ಆ ಹೊತ್ತಿಗೆ ನಮ್ಮ ಬಾಯಿಂದ ಬರುವ ಮಾತು ಯಾವುದು? ಗಾಳಿಗೆ ಶಾಪವೋ, ನೆರೆಯವನ ಮೇಲೆ ತೀರ್ಪೋ, ಅಲ್ಲಾಹನಲ್ಲಿ ಪ್ರಾರ್ಥನೆಯೋ? ಇದನ್ನು ತಿಳಿಯಲು ಪವಿತ್ರ ಕುರ್‌ಆನಿನ ಒಂದೇ ಒಂದು ಪದವನ್ನು ಈ ತಿಂಗಳು ಅಭ್ಯಸಿಸೋಣ. ಆ ಪದ 'ಸರ್‌ಸರ್'.

ಆದ್ ಜನಾಂಗದ ನಾಶಕ್ಕೆ ಕಳುಹಿಸಲಾದ ಗಾಳಿಯನ್ನು ಕುರ್‌ಆನ್ ಈ ಪದದಿಂದ ಮೂರು ಕಡೆ ಬಣ್ಣಿಸಿದೆ (ಹಾಮೀಮ್ ಅಸ್ಸಜ್ದಃ: 16, ಅಲ್ ಕಮರ್: 19, ಅಲ್ ಹಾಕ್ಕಃ: 6). ಏಳು ರಾತ್ರಿ ಎಂಟು ಹಗಲು ಆ ಗಾಳಿ ಬೀಸಿತು. ಶಕ್ತಿಯಲ್ಲಿ ನಮ್ಮನ್ನು ಮೀರಿದವರು ಯಾರೆಂದು ಮೆರೆದವರು ಟೊಳ್ಳಾದ ಖರ್ಜೂರದ ಕಾಂಡಗಳಂತೆ ಉರುಳಿಬಿದ್ದರು.

ಈ ಪದದ ಅರ್ಥವೇನು? ಕೆಲವು ವ್ಯಾಖ್ಯಾನಕಾರರು ಕೊರೆಯುವ ಚಳಿಗಾಳಿ ಎಂದರು. 'ಸಿರ್ರ್' ಎಂದರೆ ತೀವ್ರ ಚಳಿ. ಬೆಳೆಯನ್ನು ಸುಟ್ಟುಹಾಕುವ ಗಾಳಿಯ ಉಪಮೆಯಲ್ಲಿ ಆ ಪದವೇ ಬಂದಿದೆ (ಆಲಿ ಇಮ್ರಾನ್: 117). ಇನ್ನು ಕೆಲವರು ಅರಚುವ ಗಾಳಿ ಎಂದರು. ಅರಬಿಯಲ್ಲಿ 'ಸರೀರ್' ಎಂದರೆ ಬಾಗಿಲಿನ ಕಿರುಗುಟ್ಟುವಿಕೆ. ರಾತ್ರಿ ಕಿರ್ರೆನ್ನುವ ಹುಳುವಿನ ಹೆಸರೂ ಇದೇ ಧಾತುವಿನದು. ಹಿಜ್ರಿ 774ರಲ್ಲಿ ನಿಧನರಾದ ಇಬ್ನು ಕಸೀರ್‌ರು ಎರಡನ್ನೂ ಹೇಳಿ, ಆ ಗಾಳಿಗೆ ಈ ಎಲ್ಲ ಗುಣಗಳೂ ಇದ್ದವೆಂದು ಸಮನ್ವಯಗೊಳಿಸಿದ್ದಾರೆ. ಬಿರುಸು, ಚಳಿ, ಆರ್ಭಟ ಮೂರೂ ಕೂಡಿದ್ದು ಸರ್‌ಸರ್.

ಪದದ ರಚನೆಯನ್ನೂ ಗಮನಿಸಿರಿ. ಒಂದೇ ಸದ್ದು ಎರಡು ಬಾರಿ ಬಂದಿದೆ. ಭೂಕಂಪಕ್ಕೆ 'ಝಲ್‌ಝಲಃ', ಶೈತಾನನ ಪಿಸುಮಾತಿಗೆ 'ವಸ್‌ವಸಃ' ಎನ್ನುವುದೂ ಹೀಗೆಯೇ. ಕನ್ನಡ ವ್ಯಾಕರಣದ ಅನುಕರಣಾವ್ಯಯಗಳನ್ನು ಓದಿದ ಮಕ್ಕಳಿಗೆ ಇದು ಹೊಸತಲ್ಲ. ದಬದಬ, ಗುಡುಗುಡು, ಧಗಧಗ ಎಂದು ನಾವೂ ಸದ್ದನ್ನೇ ಪದವಾಗಿಸುತ್ತೇವೆ. ಆದರೆ ನಮ್ಮ 'ಸರಸರ' ಬೇರೆ, ಅರಬಿಯ 'ಸರ್‌ಸರ್' ಬೇರೆ. ಕೇಳಲು ಒಂದೇ ತೆರನಾಗಿರುವ ಮಾತ್ರಕ್ಕೆ ಎರಡು ಪದಗಳನ್ನು ನಂಟರೆನ್ನಬಾರದು. ಅರಬಿಯ ಈ ಪದದಲ್ಲಿರುವುದು 'ಸ್ವಾದ್' ಅಕ್ಷರ. 'ಸೀನ್' ಬಂದರೆ 'ಸಿರ್ರ್' ಎಂದರೆ ಗುಟ್ಟು ಎಂದಾಗುತ್ತದೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ 'ಸ' ಇರುವುದರಿಂದ ಉಸ್ತಾದರ ಬಾಯಿಂದ ಕೇಳಿಯೇ ಕಲಿಯಬೇಕು.

ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ 'ತೂಫಾನು' ಕೂಡ ಅರಬಿಯಿಂದ ಬಂದುದೇ. ಹ. ನೂಹ್(ಅ)ರ ಕಾಲದ ಪ್ರಳಯಕ್ಕೆ ಕುರ್‌ಆನ್ ಆ ಪದವನ್ನು ಬಳಸಿದೆ (ಅಲ್ ಅನ್‌ಕಬೂತ್: 14). ಸುತ್ತುವುದು ಎಂಬ ಅದರ ಧಾತುವಿನಿಂದಲೇ ಕಅಬಾದ ಸುತ್ತಲಿನ 'ತವಾಫ್' ಬಂದಿದೆ. ಸುತ್ತುವರಿದು ಮುಳುಗಿಸುವುದಕ್ಕೂ ಭಕ್ತಿಯಿಂದ ಸುತ್ತು ಬರುವುದಕ್ಕೂ ಧಾತು ಒಂದೇ!

ಸರ್‌ಸರ್ ಪದದ ಮೂಲದಲ್ಲಿಯೂ ಇಂಥದೇ ವಿಸ್ಮಯವಿದೆ. ಹ. ಇಬ್ರಾಹೀಮ್(ಅ)ರ ಮನೆಗೆ ಬಂದ ಮಲಕ್‌ಗಳು ಇಳಿವಯಸ್ಸಿನಲ್ಲಿ ಮಗುವಾಗುವ ಶುಭವಾರ್ತೆ ನೀಡಿದಾಗ ಅವರ ಪತ್ನಿ 'ಸರ್ರಃ'ದೊಂದಿಗೆ ಮುಂದೆ ಬಂದು, ಅಚ್ಚರಿಯಿಂದ ಮುಖಕ್ಕೆ ಕೈ ಬಡಿದುಕೊಂಡರು (ಅದ್ಸಾರಿಯಾತ್: 29). ಹೆಚ್ಚಿನ ವ್ಯಾಖ್ಯಾನಕಾರರು ಇಲ್ಲಿ ಈ ಪದಕ್ಕೆ ಕೂಗು ಎಂದು ಅರ್ಥ ಹೇಳಿದ್ದಾರೆ. ಒಂದೇ ಧಾತು. ಒಂದು ಕಡೆ ಅದು ಶಿಕ್ಷೆಯ ಗಾಳಿಯ ಆರ್ಭಟ, ಇನ್ನೊಂದು ಕಡೆ ಅನುಗ್ರಹ ಕಂಡ ತಾಯಿಯ ಉದ್ಗಾರ.

ಇನ್ನೂ ಆಳಕ್ಕೆ ಹೋಗೋಣ. ಕುರ್‌ಆನಿನ ಪದಕೋಶ ರಚಿಸಿದ ಇಮಾಮ್ ರಾಗಿಬ್ ಅಲ್ ಇಸ್ಫಹಾನಿಯವರು ಈ ಧಾತುವಿನ ಮೂಲಾರ್ಥ 'ಬಿಗಿದು ಕಟ್ಟುವುದು' ಎನ್ನುತ್ತಾರೆ. ಹಣ ಕಟ್ಟಿಡುವ ಗಂಟಿಗೆ 'ಸುರ್ರಃ' ಎನ್ನುವುದು ಅದರಿಂದಲೇ. ಚಳಿಗೆ ವಸ್ತುಗಳು ಬಿಗಿದುಕೊಳ್ಳುವುದರಿಂದ 'ಸರ್‌ಸರ್' ಕೂಡ ಇದೇ ಅರ್ಥಕ್ಕೆ ಮರಳುತ್ತದೆ. ಇದೇ ಧಾತುವಿನ ಇನ್ನೊಂದು ಪದ 'ಇಸ್ರಾರ್'. ಅತಿಥಿಗೆ ಊಟಕ್ಕೆ ಒತ್ತಾಯಿಸುವಾಗ ಉರ್ದು ಮಾತಿನಲ್ಲಿ ನಾವು ಬಳಸುವ ಪದವೇ ಅದು. ಕುರ್‌ಆನಿನಲ್ಲಿ ಅದು ಪಾಪಕ್ಕೆ ಗಂಟುಬಿದ್ದು ಬಿಡದೆ ಹಟ ಹಿಡಿಯುವುದು. ಸ್ವರ್ಗಕ್ಕೆ ಅರ್ಹರಾದವರು ತಪ್ಪು ಮಾಡುವುದೇ ಇಲ್ಲವೆಂದು ಅಲ್ಲಾಹನು ಹೇಳಿಲ್ಲ. ತಪ್ಪಾದಾಗ ಅವನನ್ನು ಸ್ಮರಿಸಿ ಕ್ಷಮೆ ಬೇಡುತ್ತಾರೆ, ತಿಳಿದೂ ತಿಳಿದೂ ಅದರಲ್ಲೇ ಹಟ ಹಿಡಿಯುವುದಿಲ್ಲ ಎಂದು ತಿಳಿಸಿದ್ದಾನೆ (ಆಲಿ ಇಮ್ರಾನ್: 135).

ಈಗ ಆದ್ ಜನಾಂಗದ ಕಥೆ ಸ್ಪಷ್ಟವಾಗುತ್ತದೆ. ಹ. ಹೂದ್(ಅ) ಅವರಿಗೆ ಕ್ಷಮೆ ಯಾಚಿಸಿರೆಂದು ಬೋಧಿಸಿದರು. ಹಾಗೆ ಮಾಡಿದರೆ ಧಾರಾಳ ಮಳೆಯೂ ಹೆಚ್ಚಿನ ಶಕ್ತಿಯೂ ದೊರೆಯುವುದೆಂಬ ವಾಗ್ದಾನವೂ ಇತ್ತು (ಹೂದ್: 52). ಅವರು ಹಟ ಬಿಡಲಿಲ್ಲ. ಮನಸ್ಸು ಬಿಗಿದುಕೊಂಡವರ ಮೇಲೆ ಬಿಗಿದ ಗಾಳಿಯೇ ಬೀಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೆರೆಯವನ ಶೆಡ್ಡಿನ ತಗಡು ಹಾರಿದರೆ 'ಅವನ ಪಾಪದ ಫಲ' ಎನ್ನುವವರು ನಮ್ಮಲ್ಲಿದ್ದಾರೆ. ಆದ್ ಜನಾಂಗದ ಮೇಲೆ ಎರಗಿದ್ದು ಶಿಕ್ಷೆಯೆಂದು ನಮಗೆ ತಿಳಿದದ್ದು ಅಲ್ಲಾಹನು ತಿಳಿಸಿದ್ದರಿಂದ. ನೆರೆಯವನ ವಿಷಯದಲ್ಲಿ ನಮಗೆ ಯಾವ ವಹ್ಯ್ ಬಂದಿದೆ? ಸಜ್ಜನರಿಗೂ ಪರೀಕ್ಷೆಗಳು ಬರುತ್ತವೆ. ಪ್ರವಾದಿ(ಸ)ರವರ ಮಾದರಿಯನ್ನು ನೋಡಿರಿ. ಮೋಡ ಕವಿದಾಗ ಅವರ ಮುಖದ ಬಣ್ಣ ಬದಲಾಗುತ್ತಿತ್ತು, ಒಳಗೂ ಹೊರಗೂ ನಡೆದಾಡುತ್ತಿದ್ದರು, ಮಳೆ ಸುರಿದಾಗ ನಿರಾಳರಾಗುತ್ತಿದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಕಾರಣ ಕೇಳಿದಾಗ, ಮೋಡವನ್ನು ಮಳೆಯೆಂದು ಭಾವಿಸಿ ಮೋಸಹೋದ ಆದ್ ಜನರನ್ನು ನೆನಪಿಸಿದರು. ಪಾಪರಹಿತರಾದ ಪ್ರವಾದಿವರ್ಯರು ಬೇರೆಯವರತ್ತ ಬೆರಳು ತೋರಿಸಲಿಲ್ಲ. ಗಾಳಿಯನ್ನು ಬೈಯಬಾರದೆಂದೂ, ಅದರ ಒಳಿತನ್ನು ಬೇಡಿ ಕೆಡುಕಿನಿಂದ ಅಭಯ ಕೋರಬೇಕೆಂದೂ ಕಲಿಸಿದರು.

ಆದ್ದರಿಂದ ಮುಂದಿನ ಬಿರುಗಾಳಿ ಬೀಸುವ ಮೊದಲು ತಗಡು, ತಾಡಪತ್ರಿಗಳನ್ನು ಬಿಗಿದು ಕಟ್ಟಿರಿ. ಒಂಟೆಯನ್ನು ಕಟ್ಟಿ ಭರವಸೆ ಇಡೆಂದ ಪ್ರವಾದಿಯ ಅನುಯಾಯಿಗಳು ನಾವು. ಗುಡುಗುವಾಗ ಮಕ್ಕಳನ್ನು ಮರದಡಿ ನಿಲ್ಲಲು ಬಿಡದಿರಿ. ಗಾಳಿ ಬೀಸುವಾಗ ದುಆ ಮಾಡಿರಿ. ಗಾಳಿ ನಿಂತ ಮೇಲೆ, ನೆರೆಯವನು ಯಾವ ಧರ್ಮದವನೇ ಇರಲಿ, ಮೊದಲು ಅವನ ಅಂಗಳಕ್ಕೆ ಹೋಗಿ ಬಿದ್ದದ್ದನ್ನು ಎತ್ತಲು ಕೈಗೂಡಿಸಿರಿ. ಬಿರುಗಾಳಿಯಿಂದ ನೊಂದವನಿಗೆ ಬಿರುನುಡಿ ಬೇಡ.

ರಾತ್ರಿ ಮಲಗುವ ಮುನ್ನ ನಿಮ್ಮ ಮನಸ್ಸನ್ನೊಮ್ಮೆ ತಡವಿ ನೋಡಿರಿ. ತಂಗಿಗೆ ಕೊಡದೆ ಉಳಿಸಿಕೊಂಡ ಆಸ್ತಿಯ ಪಾಲು, ತೀರಿಸಬಹುದಾಗಿದ್ದೂ ತೀರಿಸದ ಸಾಲ, ವರ್ಷಗಳಿಂದ ಬಿಟ್ಟ ಅಣ್ಣನ ಮಾತು: ಇವೆಲ್ಲ ಇಸ್ರಾರ್‌ನ ಗಂಟುಗಳು. ಇವನ್ನು ಬಿಚ್ಚಲು ನಾಳೆಯ ಮೋಡವನ್ನು ಕಾಯಬೇಕಾಗಿಲ್ಲ.

ಅಲ್ಲಾಹನು ನಮ್ಮ ಹೊಲ ಮನೆಗಳನ್ನು ಕಾಪಾಡಲಿ, ನಮ್ಮ ಹೃದಯದ ಗಂಟುಗಳನ್ನು ಬಿಡಿಸಲಿ. ಆಮೀನ್.