ಬಳ್ಳಿ ಕಟ್ಟಲು ನೈಲಾನ್ ಬೇಡ

ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಕಟ್ಟಲು ಒಂದು ವರ್ಷ ನೈಲಾನ್ ಹಗ್ಗ ಬಳಸಿದೆ. ಬಾಳೆನಾರು ತರಲು ಉದಾಸೀನ, ಅಷ್ಟೆ. ಬಿಚ್ಚಲು ಮರೆತೆ. ಬಳ್ಳಿ ದಪ್ಪವಾದಂತೆ ಹಗ್ಗ ಒಳಗಿಳಿಯಿತು. ತುದಿ ಬಾಡಿದಾಗ ಸೊರಗುರೋಗವೆಂದು ಬುಡಕ್ಕೆ ಬೋರ್ಡೋ ಹೊಯ್ದೆ! ಬುಡ ಹಸಿರಾಗಿಯೇ ಇತ್ತು. ಹೀಗೆ 11 ಬಳ್ಳಿ ಹೋದವು.

ಬಳ್ಳಿಯನ್ನು ಮರದಲ್ಲಿ ನಿಲ್ಲಿಸುವುದು ಗಂಟಿನಲ್ಲಿ ಹೊರಡುವ ಬೇರು. ಅದು ಮರ ಹಿಡಿಯುವವರೆಗೆ ಮಾತ್ರ ನಮ್ಮ ಕಟ್ಟು ಬೇಕು. ಈಗ ಗಂಟಿನ ಹತ್ತಿರವೇ ಬಾಳೆನಾರಿನಿಂದ ಕಟ್ಟುತ್ತೇನೆ. ಗಂಟು ಮರಕ್ಕೆ ತಾಗಿರಬೇಕು, ಬಿಗಿ ಬೇಡ. ನಾರು ತಾನಾಗಿ ಕುಂಬಾಗುತ್ತದೆ. ಮಳೆಗಾಲದಲ್ಲಿ ಕುಡಿ ಬೇಗ ಓಡುವ ಕಾರಣ 15 ದಿನಕ್ಕೊಮ್ಮೆ ತೋಟ ಸುತ್ತಲೇಬೇಕು. ಜೋತುಬಿದ್ದ ಕುಡಿ ಮರ ಹಿಡಿಯುವುದಿಲ್ಲ, ಫಸಲೂ ಕೊಡದು.

ಜಗಲಿಯ ಮನಿಪ್ಲಾಂಟಿಗೂ ತೆಂಗಿನ ಸಿಪ್ಪೆ ಸುತ್ತಿದ ಕೋಲು ಕೊಟ್ಟೆ. ಸಿಪ್ಪೆ ಒದ್ದೆಯಿದ್ದರೆ ಬೇರು ಕಚ್ಚುತ್ತದೆ. ಹತ್ತಿದಂತೆಲ್ಲ ಎಲೆ ಅಗಲವಾಗ್ತಾ ಬಂತು.