ಸಹಾಯಧನಕ್ಕೆ ಅರ್ಜಿ ಹಾಕುವ ಮುನ್ನ ಪಹಣಿ ನೋಡಿ

ಕರ್ನಾಟಕದಲ್ಲಿ ಬೆಳೆ ಪರಿಹಾರ ಮತ್ತು ಕೃಷಿ ಸಹಾಯಧನದ ಹಣ ಯಾರ ಖಾತೆಗೆ, ಎಷ್ಟು ವಿಸ್ತೀರ್ಣಕ್ಕೆ, ಯಾವ ಬೆಳೆಗೆ ಸಲ್ಲಬೇಕೆಂಬುದನ್ನು ಪಹಣಿ, ಫ್ರೂಟ್ಸ್ ನೋಂದಣಿ, ಬೆಳೆ ಸಮೀಕ್ಷೆ ಹಾಗೂ ಆಧಾರ್ ಜೋಡಣೆಗಳು ನಿರ್ಧರಿಸುತ್ತವೆ. ಇವುಗಳಲ್ಲಿ ಒಂದು ತಪ್ಪಿದರೂ ಅರ್ಹ ರೈತರು ಪಟ್ಟಿಯಿಂದ ಹೊರಗುಳಿಯುವ ಸಂಭವವಿರುವುದರಿಂದ, ಬೆಳೆ ಸಮೀಕ್ಷೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಿತ್ತನೆಗೆ ಮುಂಚೆಯೇ ಸರಿಪಡಿಸಿಕೊಳ್ಳುವುದು ಲೇಸು.

ಮೊದಲು ಪರಿಶೀಲಿಸಬೇಕಾದುದು ಪಹಣಿಯ 9ನೇ ಕಾಲಂ. ಖಾತೆದಾರರ ಹೆಸರು ಮತ್ತು ಅವರ ಪಾಲಿನ ವಿಸ್ತೀರ್ಣ ಇರುವುದು ಇಲ್ಲಿಯೇ. ಎಷ್ಟೋ ಕುಟುಂಬಗಳಲ್ಲಿ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರೇ ಇಲ್ಲಿ ಉಳಿದಿದ್ದು, ಮಕ್ಕಳು ಹೊಲ ಉಳುತ್ತಿದ್ದರೂ ಸರ್ಕಾರದ ಲೆಕ್ಕದಲ್ಲಿ ಅವರು ಭೂಮಾಲೀಕರಾಗಿರುವುದಿಲ್ಲ. ಹೀಗಿದ್ದಲ್ಲಿ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ವಾರಸುದಾರರ ಪಟ್ಟಿಯಲ್ಲಿ ಪತ್ನಿ ಮತ್ತು ಹೆಣ್ಣುಮಕ್ಕಳ ಹೆಸರನ್ನು ಬಿಡುವುದು ಕಾನೂನಿಗೂ ನ್ಯಾಯಕ್ಕೂ ವಿರುದ್ಧ; ಮುಂದೆ ತಕರಾರು ಎದ್ದು ಖಾತೆ ಬದಲಾವಣೆಯೇ ನಿಂತುಹೋಗುವುದೂ ಉಂಟು.

ಪಹಣಿ ಸರಿಯಾದ ಬಳಿಕ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಮತ್ತು ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರ ನೀಡಿ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡರೆ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ದೊರೆಯುತ್ತದೆ. ಎಫ್‌ಐಡಿ ಇದೆಯೆಂದು ನಿಶ್ಚಿಂತರಾಗಿರುವಂತಿಲ್ಲ. ತಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಬೇಕು, ಏಕೆಂದರೆ ಸೇರದೆ ಉಳಿದ ತುಂಡು ಭೂಮಿಗೆ ಪರಿಹಾರ ಬರುವುದಿಲ್ಲ.

ಮೂರನೆಯದು ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲಿ ಮೊಬೈಲ್ ಆ್ಯಪ್ ಮೂಲಕ ಹೊಲದಲ್ಲೇ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸುವ ಈ ಕೆಲಸವನ್ನು ರೈತರು ತಾವೇ ಮಾಡಬಹುದು, ಇಲ್ಲವೇ ಗ್ರಾಮಕ್ಕೆ ನೇಮಕವಾದ ಸಮೀಕ್ಷಕರಿಂದ ಮಾಡಿಸಬಹುದು. ತೊಗರಿ ಬೆಳೆದ ಹೊಲ ಬೀಳು ಎಂದು ದಾಖಲಾದರೆ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಮೂರಕ್ಕೂ ಕುತ್ತು ಬರುತ್ತದೆ. ಆದ್ದರಿಂದ ಬೆಳೆ ದರ್ಶಕ್ ಆ್ಯಪ್‌ನಲ್ಲಿ ದಾಖಲೆ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬೇಕು.

ಇಷ್ಟಾಗಿ ಸಿಗುವ ಪರಿಹಾರವೆಷ್ಟು? 2022-26ರ ಅವಧಿಯ ಕೇಂದ್ರದ ವಿಪತ್ತು ಪರಿಹಾರ ಮಾನದಂಡದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಗೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿಯನ್ನು ಗರಿಷ್ಠ 2 ಹೆಕ್ಟೇರಿಗೆ ಮಿತಿಗೊಳಿಸಿ ನಿಗದಿಪಡಿಸಲಾಗಿತ್ತು. ಬೀಜ, ಗೊಬ್ಬರ, ಕೂಲಿಯ ಖರ್ಚಿನ ಮುಂದೆ ಇದು ಅಲ್ಪ ಮೊತ್ತವೇ. ಅದೂ ಕೋರಿಗೆ ಅಥವಾ ಗುತ್ತಿಗೆಗೆ ಉಳುವವರ ಕೈಸೇರುವುದಿಲ್ಲ. 1974ರ ಭೂ ಸುಧಾರಣಾ ತಿದ್ದುಪಡಿ ಗೇಣಿಯನ್ನು ಬಹುತೇಕ ನಿಷೇಧಿಸಿರುವುದರಿಂದ ಇಂಥ ಒಪ್ಪಂದಗಳು ಬಾಯಿಮಾತಿನಲ್ಲೇ ನಡೆದು, ನಷ್ಟ ಉಳುವವನದ್ದೂ ಪರಿಹಾರ ಖಾತೆದಾರನದ್ದೂ ಆಗುತ್ತದೆ. ಈ ಅನ್ಯಾಯಕ್ಕೆ ಸರ್ಕಾರವೇ ದಾರಿ ಹುಡುಕಬೇಕು. ಅಲ್ಲಿಯವರೆಗೆ ಪರಿಹಾರದ ಹಂಚಿಕೆಯನ್ನೂ ಒಪ್ಪಂದದ ಹೊತ್ತಿನಲ್ಲೇ ಮಾತಾಡಿಕೊಳ್ಳುವುದು ಉಳುವವರಿಗೆ ಕ್ಷೇಮ.

ಇನ್ನು ಪರಿಹಾರವಲ್ಲದೆ ಹನಿ ನೀರಾವರಿಯಂಥವಕ್ಕೆ ಸಹಾಯಧನ ಕೋರುವವರು ಇಲಾಖೆಯ ಮಂಜೂರಾತಿ ಬರುವ ಮೊದಲು ಪೈಪ್ ಖರೀದಿಸಕೂಡದು.

ಕೊನೆಯದು ಬ್ಯಾಂಕ್ ಖಾತೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಅರ್ಜಿಯೊಂದಿಗೆ ಕೊಟ್ಟ ಪಾಸ್‌ಬುಕ್ಕಿನ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿ ನಿರ್ವಹಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹಣ ಬಂದಿಲ್ಲವೆಂದು ತಾಲ್ಲೂಕು ಕಚೇರಿಗೆ ಅಲೆಯುವ ಮುನ್ನ, ಹಿಂದೆಂದೋ ತೆರೆದು ಮರೆತ ಖಾತೆಗೆ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು. ಅಲ್ಲಿಯೂ ಜಮೆಯಾಗಿರದಿದ್ದರೆ ಎಫ್‌ಐಡಿ ಮತ್ತು ಸರ್ವೆ ನಂಬರ್ ನಮೂದಿಸಿದ ಅರ್ಜಿಯನ್ನು ತಹಶೀಲ್ದಾರರಿಗೆ ಸಲ್ಲಿಸಿ, ತಪ್ಪದೆ ಸ್ವೀಕೃತಿ ಪಡೆಯಬೇಕು.