ಪ್ರಶ್ನೆಯನ್ನು ಊರಿಂದಲೇ ಒಯ್ಯಿ

ತಂಗೀ, ನೇಸರಗಿಯಿಂದ ಸೂಕ್ಷ್ಮಜೀವಿಶಾಸ್ತ್ರ ಓದಲು ಹೊರಟಿದ್ದೀಯ. ಆಹಾರ ಸುರಕ್ಷತೆಯಲ್ಲೋ ಕರುಳಿನ ಆರೋಗ್ಯದಲ್ಲೋ ಸಂಶೋಧನೆ ಮಾಡುವಾಸೆ ಅಂದಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೋ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೋ, 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯೋ ಎಂದು ಕೇಳಿದಿ. ಎಲ್ಲಿ ಸೀಟು ಸಿಕ್ಕರೂ ಹೋಗು. ಆದರೆ ಪ್ರಶ್ನೆಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗು. ಬರಿಗೈಲಿ ಹೋದವರಿಗೆ ಯಾರೋ ಅರ್ಧ ಬಿಟ್ಟ ವಿಷಯ ಗಂಟುಬೀಳುತ್ತದೆ, ಅದನ್ನೇ ವರ್ಷಗಟ್ಟಲೆ ಹೊರಬೇಕಾಗುತ್ತದೆ.

ನಿಮ್ಮ ಮನೆಯ ಶೇಂಗಾವನ್ನೇ ನೋಡು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಕಿತ್ತ ಮೇಲೆ ಸರಿಯಾಗಿ ಒಣಗಿಸದೆ ಚೀಲ ತುಂಬಿದರೆ, ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಸ್ಟು ಕಾಳಿಗೆ ಹತ್ತಿ ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಶೇಂಗಾ ಹಿಂಡಿಯ ಬೆನ್ನುಹತ್ತಿ ಹೋದವರಿಗೆ ಸಿಕ್ಕಿದ್ದು ಇದೇ. ನಮ್ಮ ದೇಶದಲ್ಲಿ 1974ರಲ್ಲಿ, ರಾಜಸ್ಥಾನ, ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಗೋವಿನಜೋಳ ಉಂಡು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಹುರಿದರೂ ಕುದಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಗಾಣಕ್ಕೆ ಹಾಕಿದರೆ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಎಮ್ಮೆಗೆ, ಎಮ್ಮೆಯಿಂದ ಎಂ-1 ಎಂಬ ರೂಪ ತಾಳಿ ಹಾಲಿಗೆ, ಹಾಲಿನಿಂದ ಕೂಸಿನ ಹೊಟ್ಟೆಗೆ. ಹಾಲಿನಲ್ಲಿ ಇದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಕಾನೂನು, ಯುರೋಪಿನವರು 0.05ಕ್ಕೇ ಗೆರೆ ಎಳೆದಿದ್ದಾರೆ. ನಮ್ಮ ಮಕ್ಕಳಿಗೂ ಆ ಗೆರೆ ಬೇಕು ಎಂದು ನನಗನ್ನಿಸುತ್ತದೆ.

ಪ್ರಯೋಗಾಲಯದ ಕತ್ತಲಲ್ಲಿ, ಅತಿನೇರಳೆ ದೀಪದ ಕೆಳಗೆ, ಸಿಲಿಕಾ ಬಳಿದ ಫಲಕದ ಮೇಲೆ ಈ ವಿಷದ ನೀಲಿ ಚುಕ್ಕೆಯೊಂದು ಮಿನುಗಿದಾಗ ಯಾರ ಎದೆಯಾದರೂ ಹಿಗ್ಗುತ್ತದೆ. ಆದರೆ ಗೆಲ್ಲುವುದೂ ಸೋಲುವುದೂ ಅದಕ್ಕೂ ಮುಂಚೆ, ಚೀಲದ ಬಾಯಲ್ಲಿ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳುಗಳ ನಡುವೆ ಎಲ್ಲೋ ನಾಲ್ಕೈದರಲ್ಲಿ ಗಿಡಿದಿರುತ್ತದೆ. ಮೇಲಿನ ಬೊಗಸೆಯಲ್ಲಿ ಏನೂ ಇಲ್ಲ ಅಂತ ಬಂದೀತು, ಪಕ್ಕದ ಬೊಗಸೆ ಬೇರೆಯೇ ಹೇಳೀತು. ಮೇಲಿಂದ, ನಡುವಿಂದ, ತಳದಿಂದ ತೆಗೆದು, ಕಿಲೋಗಟ್ಟಲೆ ಬೀಸಿ, ಕಲಸಿ, ಆಮೇಲೆ ಅಳೆಯಬೇಕು. ಬೇಸರದ ಕೆಲಸ, ಮೈಕೈಯೆಲ್ಲ ಧೂಳು. ಅದನ್ನು ಯಾರಿಗೂ ಬಿಟ್ಟುಕೊಡಬೇಡ.

ಕರುಳಿನ ಮಾತಿಗೆ ಬಂದರೆ, ಮೊಸರಿನ ಬಳಗದ ಕೆಲವು ಬ್ಯಾಕ್ಟೀರಿಯಾ ಅಫ್ಲಾಟಾಕ್ಸಿನ್ನನ್ನು ತಮ್ಮ ಕೋಶಭಿತ್ತಿಗೆ ಅಂಟಿಸಿಕೊಳ್ಳುವುದು ಪ್ರಯೋಗಾಲಯದಲ್ಲಿ ಕಂಡಿದೆ. ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು ಇರುವ ನಮ್ಮ ತಾಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಯಾವುದು? ಬೇಕಾದರೆ ಇದನ್ನೇ ಹಿಡಿ. ಆದರೆ ಗಾಜಿನ ಕೊಳವೆ ಹೊಟ್ಟೆಯಲ್ಲ, ಮನೆಮನೆಯ ಹೆಪ್ಪಿನಲ್ಲಿರುವ ಜೀವಿಗಳೂ ಒಂದೇ ಅಲ್ಲ. ಪ್ರೊಬಯಾಟಿಕ್ ಅನ್ನಿಸಿಕೊಳ್ಳಲು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಉಂಡವರಿಗೆ ಒಳಿತಾಗಬೇಕು ಎಂದು ವಿಶ್ವಸಂಸ್ಥೆಯ ತಜ್ಞರು 2001ರಲ್ಲೇ ಹೇಳಿಟ್ಟಿದ್ದಾರೆ. ಆ ಮೂರನೆಯದನ್ನು ತೋರಿಸುವ ತನಕ ‘ಮೊಸರು ವಿಷ ತೆಗೆಯುತ್ತದೆ’ ಎಂದು ಯಾರು ಮೈಕು ಹಿಡಿದರೂ ಅನ್ನಬೇಡ. ನಿನ್ನ ಮಾತು ನಂಬಿ ಬೂಸ್ಟು ಕಾಳಿಗೆ ಮೊಸರು ಹಚ್ಚಿಕೊಂಡು ತಿನ್ನುವವರು ನಿನ್ನೂರಿನವರೇ.

ಫಲಿತಾಂಶ ಬಂದಾಗ ಮಾರ್ಗದರ್ಶಕರಿಗೆ ಹೇಳಿದ ಹಾಗೆಯೇ ಶೇಂಗಾ ಹಸನು ಮಾಡುವ ಹೆಣ್ಣುಮಕ್ಕಳಿಗೂ ಕೂತು ಹೇಳು. ಸುಕ್ಕಾದ, ಬಣ್ಣಗೆಟ್ಟ, ಹುಳ ಕೊರೆದ ಕಾಳನ್ನು ಕೈಯಿಂದ ಆರಿಸಿ ತೆಗೆದರೇ ವಿಷ ಬಹಳಷ್ಟು ಇಳಿಯುತ್ತದೆ. ಆ ಕೆಲಸದ ಬೆಲೆ ಅವರಿಗೆ ಗೊತ್ತಾಗಲಿ. ಹಾಗೆ ಆರಿಸಿ ತೆಗೆದದ್ದನ್ನು ಅಗ್ಗಕ್ಕೆ ಗಾಣಕ್ಕೆ ಕೊಡಬಾರದು, ಎಮ್ಮೆಯ ಬಾನಿಗೂ ಸುರಿಯಬಾರದು ಎಂಬುದನ್ನೂ ಬಿಡಿಸಿ ಹೇಳು.